ಆರನೆಯ ವಿದ್ಯಾರ್ಥಿನಿ

ನನಗೂ ಹೊಟ್ಟೆಕಿಚ್ಚು ಇದೆ ಎಂದು ನಲವತ್ತೆಂಟು ತುಂಬುವವರೆಗೆ ನಾನು ಒಪ್ಪಿಕೊಂಡಿರಲಿಲ್ಲ. ಅದನ್ನು ಚಿಂತೆ ಎಂದು ಕರೆಯುತ್ತಿದ್ದೆ. ಚಿಂತೆಯ ವಿಷಯದಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಹೆಸರಿರುವುದರಿಂದ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಮಲೇಷ್ಯಾದ ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ. ನನ್ನ ಕೋರ್ಸು ಸ್ಥಳೀಯ ಆಡಳಿತದ ಇತಿಹಾಸ. ಅದರ ಜೊತೆಗೆ ಕೆಲವು ವಿದ್ಯಾರ್ಥಿಗಳಿಗೆ ನಾನು ಸಲಹೆಗಾರ್ತಿ. ಸೆಮಿಸ್ಟರ್ ಶುರುವಾದ ಮೊದಲ ಎರಡು ವಾರ ಅವರು ಕೋರ್ಸುಗಳನ್ನು ಸೇರಿಸಬಹುದು, ಬಿಡಬಹುದು. ಏನೇ ಬದಲಿಸಿದರೂ ಸಲಹೆಗಾರರು ಕಂಪ್ಯೂಟರಿನಲ್ಲಿ ಒಪ್ಪಿಗೆಯ ಗುಂಡಿ ಒತ್ತಬೇಕು. ನಾನು ಆ ಗುಂಡಿಯನ್ನು ಸುಮ್ಮನೆ ಒತ್ತಿದವಳಲ್ಲ. ಒಬ್ಬೊಬ್ಬರಿಗೂ ನಾಲ್ಕು ಬಣ್ಣದಲ್ಲಿ ಒಂದು ಪಟ್ಟಿ ಮಾಡಿಕೊಡುತ್ತಿದ್ದೆ. ಈ ಕೋರ್ಸು ಮುಂದಿನ ಸಲ ಇರದಿದ್ದರೆ? ಇವೆರಡರ ಪರೀಕ್ಷೆ ಒಂದೇ ದಿನ ಬಂದರೆ? ಆ ಅಧ್ಯಾಪಕರು ಕೆಲಸ ಬಿಟ್ಟರೆ? ಎಲ್ಲದಕ್ಕೂ ಒಂದೊಂದು ಬಣ್ಣ. ವಿದ್ಯಾರ್ಥಿಗಳು ಒಳಗೆ ಬರುವಾಗ ಇದ್ದ ಹೆದರಿಕೆಗಿಂತ ಸ್ವಲ್ಪ ಹೆಚ್ಚು ಹೆದರಿಕೆಯೊಂದಿಗೆ ಹೊರಗೆ ಹೋಗುತ್ತಿದ್ದರು. ಅದನ್ನು ನಾನು ಗಂಭೀರತೆ ಎಂದುಕೊಂಡಿದ್ದೆ.

ಪಕ್ಕದ ಕೋಣೆಗೆ ಹೋದ ವರ್ಷ ಒಬ್ಬಳು ಬಂದಳು. ಮೆಲಾಕಾ ಊರಿನ ತಮಿಳಿನವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಸರ್ಕಾರದ ಯೋಜನೆಗಳು ನಿಜಕ್ಕೂ ಫಲ ಕೊಟ್ಟವೋ ಇಲ್ಲವೋ ಎಂದು ಅಳೆದು ನೋಡುವ ಮೌಲ್ಯಮಾಪನದ ಕೋರ್ಸು ಅವಳದು. ಅವಳು ಕೋಣೆಯಲ್ಲಿ ಕೂತು ಸಲಹೆ ಕೊಡುವುದಿಲ್ಲ. ಗೇಟಿನ ಎದುರಿನ ಮಾಮಾಕ್ ಅಂಗಡಿಯಲ್ಲಿ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಚಹಾ ಹೋಟೆಲಿನಲ್ಲಿ, ರೊಟ್ಟಿ ಹರಿದು ಸಾರಿಗೆ ಅದ್ದುತ್ತ, ಒಂದೇ ಪ್ರಶ್ನೆ ಕೇಳುತ್ತಾಳಂತೆ: ನಾಳೆ ಕೆಲಸಕ್ಕೆ ಸೇರಿದಾಗ ಯಾವುದು ಗೊತ್ತಿಲ್ಲವೆಂದರೆ ನಿನಗೆ ನಾಚಿಕೆಯಾಗುತ್ತದೆ? ಅಷ್ಟೇ. ಉತ್ತರ ಸಿಕ್ಕರೆ ಕೋರ್ಸೂ ಸಿಕ್ಕಿತು. ನನ್ನ ವಿದ್ಯಾರ್ಥಿಗಳೂ ನನ್ನ ಪಟ್ಟಿ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದರು ಎಂದು ನನಗೆ ಗೊತ್ತಾದದ್ದು, ಒಬ್ಬ ಪಟ್ಟಿಯನ್ನು ವಾಪಸು ತಂದಾಗ ಹಸಿರು ಬಣ್ಣದ ಮೇಲೆ ಬೇಳೆ ಸಾರು ಬಿದ್ದಿದ್ದರಿಂದ.

ಮೇಲಾಗಿ ಅವಳು ನನ್ನನ್ನು ಅಕ್ಕಾ ಎನ್ನುತ್ತಾಳೆ. ಅಷ್ಟು ಪ್ರೀತಿಯಿಂದ ಕರೆಯುವವಳ ಮೇಲೆ ಉರಿದುಕೊಳ್ಳುವುದು ಎಷ್ಟು ಕಷ್ಟ ಎಂದು ಉರಿದುಕೊಂಡವರಿಗೇ ಗೊತ್ತು.

ಈ ಸೆಮಿಸ್ಟರಿನಲ್ಲಿ ಅವಳ ಕ್ಲಾಸಿಗೆ ನಲವತ್ತು ಮಂದಿ. ನನ್ನದಕ್ಕೆ ಆರು. ಆರಕ್ಕಿಂತ ಕಡಿಮೆಯಾದರೆ ಕೋರ್ಸು ರದ್ದು ಎಂಬುದು ನಮ್ಮಲ್ಲಿನ ನಿಯಮ. ಆರನೆಯವಳು ಗದಗಿನಿಂದ ಬಂದ ಹುಡುಗಿ, ನಾನೇ ಅವಳ ಸಲಹೆಗಾರ್ತಿ. ಊರಿನಲ್ಲಿ ಅಂಗನವಾಡಿಗಳ ಜೊತೆ ಕೆಲಸ ಮಾಡುವ ಸಂಸ್ಥೆಯೊಂದು ಅವಳಿಗೆ ಸರಿಯಾಗಿ ಮೂರು ಸೆಮಿಸ್ಟರ್ ರಜೆ ಕೊಟ್ಟು ಕಳಿಸಿತ್ತು. ಇದು ಎರಡನೆಯದು. ಮೌಲ್ಯಮಾಪನದ ಕೋರ್ಸು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ. ಈಗ ತಪ್ಪಿದರೆ ಅವಳಿಗೆ ಅದು ಶಾಶ್ವತವಾಗಿ ತಪ್ಪಿದಂತೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಅವಳಿಗೆ, ಲೆಕ್ಕ ಜಾಸ್ತಿ ಇರುತ್ತದೆ, ನಿನಗೆ ಹೊರೆಯಾಗಬಹುದು, ಇತಿಹಾಸದ ಬುನಾದಿ ಇದ್ದರೆ ಒಳ್ಳೆಯದು ಎಂದು ಹೇಳಿ, ಆ ಕೋರ್ಸಿಗೆ ಕೆಂಪು ಬಣ್ಣ ಬಳಿದು ಕೊಟ್ಟಿದ್ದೆ.

ಎರಡನೆಯ ವಾರದ ಮಂಗಳವಾರ ಅವಳ ಕೋರಿಕೆ ಕಂಪ್ಯೂಟರಿಗೆ ಬಂತು: ಇತಿಹಾಸ ಬಿಡುತ್ತೇನೆ, ಮೌಲ್ಯಮಾಪನ ಸೇರುತ್ತೇನೆ. ನಾನು ಗುಂಡಿ ಒತ್ತಲಿಲ್ಲ. ‘ಇನ್ನೊಮ್ಮೆ ಯೋಚಿಸು’ ಎಂದು ಬರೆದು ಕಳಿಸಿದೆ. ಬುಧವಾರವೂ ಒತ್ತಲಿಲ್ಲ. ಗುರುವಾರ ಬಾಂಗ್ಸಾರಿನ ಮನೆಯಲ್ಲಿ ಊಟ ಮಾಡುತ್ತ ಗಂಡನಿಗೆ, ಆ ಹುಡುಗಿಯದೇ ಯೋಚನೆಯಾಗಿದೆ, ಆತುರಪಡುತ್ತಿದ್ದಾಳೆ ಎಂದೆ. ಅವರು ಎಂಜಿನಿಯರ್, ಸುತ್ತು ಬಳಸು ಗೊತ್ತಿಲ್ಲ. “ನಿನ್ನ ಕ್ಲಾಸಲ್ಲಿ ಏಳು ಜನ ಇದ್ದಿದ್ರೂ ಇಷ್ಟೇ ಯೋಚನೆ ಆಗ್ತಿತ್ತಾ?” ಎಂದು ಕೇಳಿ ಮಜ್ಜಿಗೆ ಬಡಿಸಿಕೊಂಡರು.

ಶುಕ್ರವಾರ ಕಡೆಯ ದಿನ. ಸಂಜೆ ಐದಕ್ಕೆ ಎಲ್ಲ ಮುಚ್ಚುತ್ತದೆ. ಮೂರೂವರೆಗೆ ಆ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಕೂರು ಎಂದರೂ ಕೂರಲಿಲ್ಲ.

“ಸಿಟ್ಟ ಮಾಡ್ಕೋಬ್ಯಾಡ್ರಿ ಮೇಡಂ. ನಿಮ್ಮ ಕ್ಲಾಸ್ ಛಲೋ ಐತ್ರಿ. ಆದ್ರ ನಮ್ಮ ಕಡೆ ಅಂಗನವಾಡ್ಯಾಗ ಮೊಟ್ಟಿ ಕೊಡಾಕತ್ತೀವಿ. ಮಕ್ಕಳು ಮೊಟ್ಟಿ ಸಲುವಾಗಿ ಬಂದ್ರೋ, ಹಂಗ ಬರ್ತಿದ್ರೋ ಅಂತ ಯಾರರ ಕೇಳಿದ್ರ ನನಗ ಹೇಳಾಕ ಬರೂದಿಲ್ಲ. ಹೇಳಾಕ ಬರ್ಲಿಲ್ಲಂದ್ರ ಮೊಟ್ಟಿ ನಿಲ್ಲಸ್ತಾರ್ರಿ. ಅದನ್ನ ಕಲಿಯಾಕ ನಾ ಇಲ್ಲಿ ತನಕ ಬಂದೇನಿ.”

ನಾನು ಹೂಂ ಎಂದೆ. ಅವಳು ಇನ್ನೊಂದು ಮಾತು ಸೇರಿಸಿದಳು: ಮಂಗಳವಾರ ಆ ಕ್ಲಾಸಿನಲ್ಲಿ ಮೂರು ಜಾಗ ಇದ್ದವು, ಈಗ ಭರ್ತಿಯಾಗಿದೆ.

ಅಂದರೆ ನನ್ನ ಮೂರು ದಿನದ ‘ಕಾಳಜಿ’ ಅವಳ ಜಾಗವನ್ನು ಕಳೆದಿತ್ತು. ಇನ್ನು ಆ ಅಧ್ಯಾಪಕಿಯೇ ಮನಸ್ಸು ಮಾಡಿ ಒಂದು ಜಾಗ ಹೆಚ್ಚಿಸಬೇಕು. ಕೇಳಬೇಕಾದವಳು ನಾನು.

ಹುಡುಗಿಯನ್ನು ಕೋಣೆಯಲ್ಲೇ ಕೂರಿಸಿ ರಸ್ತೆ ದಾಟಿದೆ. ಮಾಮಾಕ್ ಅಂಗಡಿಯಲ್ಲಿ ಆ ಅಧ್ಯಾಪಕಿಯ ಸುತ್ತ ಎಂಟು ಹತ್ತು ಮಂದಿ. ಅದರಲ್ಲಿ ಇಬ್ಬರು ನನ್ನವರು; ನನ್ನನ್ನು ಕಂಡು ಗ್ಲಾಸಿನೊಳಗೆ ಇಣುಕತೊಡಗಿದರು. ಅವಳು ಎದ್ದು ಕುರ್ಚಿ ಎಳೆದಳು. ನಾನು ನಿಂತೇ, ಆದಷ್ಟು ಅಧಿಕೃತ ದನಿಯಲ್ಲಿ, ವಿಷಯ ಹೇಳಿದೆ. ತಡವಾದದ್ದು ಹುಡುಗಿಯಿಂದ ಎಂದು ಹೇಳುವ ಆಸೆ ನಾಲಿಗೆಯ ತುದಿಯವರೆಗೆ ಬಂದಿತ್ತು. ನನ್ನಿಂದ ಎಂದು ಹೇಳಿದೆ. ಇಡೀ ವಾರದಲ್ಲಿ ನಾನು ಮಾಡಿದ ಒಂದೇ ಮರ್ಯಾದೆಯ ಕೆಲಸ ಅದು.

ಅವಳು ಕೈ ಒರೆಸಿಕೊಂಡು ಫೋನಿನಲ್ಲೇ ಜಾಗ ಹೆಚ್ಚಿಸಿದಳು. ಒಂದು ನಿಮಿಷವೂ ಆಗಲಿಲ್ಲ. ಆಮೇಲೆ ದನಿ ತಗ್ಗಿಸಿ, ಇಲ್ಲಿಯವರ ಮಾತಿನ ಕೊನೆಗೆ ಅಂಟಿಕೊಳ್ಳುವ ‘ಲಾ’ ಸೇರಿಸಿ, ತನ್ನ ತಮಿಳಿನಲ್ಲಿ ಕೇಳಿದಳು.

“ಅಕ್ಕಾ, ಅವಳು ಬಿಟ್ರೆ ನಿಮ್ಮ ಕ್ಲಾಸು ನಿಲ್ಲತ್ತಲ್ಲಾ. ನನ್ನವರಲ್ಲಿ ಇಬ್ಬರಿಗೆ ಹೇಳ್ಲಾ? ಬರ್ತಾರೆ ಲಾ.”

ಅವಳಿಗೆ ನನ್ನ ಎಣಿಕೆ ಗೊತ್ತಿತ್ತು. ಬಹುಶಃ ಎಲ್ಲರಿಗೂ ಗೊತ್ತಿತ್ತು. ಅವಳ ಮಾತಿನಲ್ಲಿ ಕೊಂಕು ಇದ್ದಿದ್ದರೆ ಹಿಡಿದುಕೊಂಡು ಮನೆಗೆ ಹೋಗಿ ವರ್ಷವಿಡೀ ಸಾಕಿಕೊಳ್ಳುತ್ತಿದ್ದೆ. ಹುಡುಕಿದೆ, ಇರಲಿಲ್ಲ. ಬೇಡಮ್ಮ, ಅವರಿಗೆ ಬೇಕಾದದ್ದನ್ನು ಅವರು ಓದಲಿ ಎಂದೆ. ದೊಡ್ಡತನದಿಂದ ಅಂದದ್ದಲ್ಲ, ಅವಳು ಕಳಿಸಿಕೊಟ್ಟ ಇಬ್ಬರ ಮುಖ ಉಳಿದ ಹನ್ನೆರಡು ವಾರ ನೋಡುವ ಶಕ್ತಿ ನನಗಿರಲಿಲ್ಲ.

ಸಂಜೆ ನಾಲ್ಕೂಕಾಲಿಗೆ ಗುಂಡಿ ಒತ್ತಿದೆ. ಸೋಮವಾರ ನನ್ನ ಕೋರ್ಸು ರದ್ದಾಯಿತೆಂದು ಕಚೇರಿಯಿಂದ ಎರಡು ಸಾಲು ಬಂತು. ಬದಲಿಗೆ ಹೊಸಬರಿಗೆ ವರದಿ ಬರೆಯುವುದನ್ನು ಕಲಿಸುವ ಕೆಲಸ ಕೊಟ್ಟರು. ಕಚೇರಿ ಹೆಚ್ಚುವರಿಯಾಗಿ ಕೊಟ್ಟ ಎರಡು ದಿನದಲ್ಲಿ ಉಳಿದ ಐವರಿಗೆ ಬೇರೆ ಕೋರ್ಸು ಹುಡುಕಿಕೊಡಬೇಕಾಯಿತು. ಬಣ್ಣದ ಪೆನ್ನು ಕೈಗೆತ್ತಿಕೊಂಡು ಕೆಳಗಿಟ್ಟೆ. ಪಕ್ಕದ ಕೋಣೆಯವಳ ನಾಚಿಕೆಯ ಪ್ರಶ್ನೆಯನ್ನೇ ಕೇಳಿದೆ. ಕದ್ದದ್ದು ಎಂದು ಅವರಿಗೆ ಗೊತ್ತಿತ್ತು, ಒಬ್ಬರೂ ಹೇಳಲಿಲ್ಲ. ಐವರದೂ ಅರ್ಧ ಗಂಟೆಯಲ್ಲಿ ಮುಗಿಯಿತು.

ತಪ್ಪು ತಿದ್ದಿಕೊಂಡ ಮೇಲೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನ್ನದು ಆಗಲಿಲ್ಲ. ಈಗಲೂ ಪಕ್ಕದ ಕೋಣೆಯ ಬಾಗಿಲು ಎಷ್ಟು ಸಲ ತೆರೆಯಿತು ಎಂದು ಎಣಿಸುತ್ತೇನೆ.

ಗದಗಿನ ಹುಡುಗಿ ಮೊನ್ನೆ ಬಂದಿದ್ದಳು. ಮೊಟ್ಟೆ ಕೊಡುವ ಊರನ್ನೂ ಕೊಡದ ಊರನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಹೇಗೆ ಎಂದು ನನ್ನ ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದಳು. ಮುಖ ಬೆಳಗುತ್ತಿತ್ತು. ಪಿಎಚ್‌ಡಿ ಮಾಡಿದ ಪಕ್ಕದ ಕೋಣೆಯವಳನ್ನು ವಿದ್ಯಾರ್ಥಿಗಳು ಕರೆಯುವುದು ಡಾಕ್ಟರ್ ಎಂದೇ; ಮಾತು ಮಾತಿಗೂ “ಡಾಕ್ಟರ್ ಹೇಳಿದ್ರು, ಡಾಕ್ಟರ್ ಹೇಳಿದ್ರು.” ನಾನು ಸುಮ್ಮನಿರಲಾರದೆ, ಆ ಎರಡು ಊರುಗಳ ಪಂಚಾಯಿತಿಗಳೇ ಬೇರೆ ಥರ ಬೆಳೆದು ಬಂದಿದ್ದರೆ, ಮಕ್ಕಳು ಬಂದದ್ದು ಮೊಟ್ಟೆಯಿಂದಲೇ ಎಂದು ಹೇಗೆ ಹೇಳುತ್ತೀ ಎಂದು ಕೇಳಿದೆ. ಅವಳು ಕೈ ನಿಲ್ಲಿಸಿ ಯೋಚಿಸಿದಳು.

“ಹೌದಲ್ರಿ ಮೇಡಂ. ತಡೀರಿ, ಡಾಕ್ಟರ್‌ನ ಕೇಳ್ಕೊಂಡು ಬರ್ತೀನಿ.”

ಕೇಳು ಎಂದೆ. ಅವಳು ಬಾಗಿಲು ದಾಟುವಷ್ಟರಲ್ಲಿ, ಅವರು ಏನಂದರು ಅಂತ ನನಗೂ ಹೇಳು ಎಂದೂ ಕೂಗಿದೆ.