ಸುಣ್ಣ ಹಚ್ಚದ ಕೇರು

ನಮ್ಮ ಅಕ್ಕನಿಗೆ ಮಾವೆಂದರೆ ಜೀವ. ಮಾವಿನ ಸೊನೆಗೆ ಮಾತ್ರ ಅಕ್ಕನನ್ನು ಕಂಡರಾಗದು. ಹಾನಗಲ್ಲಿನ ನಮ್ಮ ತೋಟದಲ್ಲಿ ಕಾಯಿ ಇಳಿಸುವಾಗ ಅವಳ ತುಟಿ ಊದಿ ಬದನೆಕಾಯಿ ಆಗುತ್ತಿತ್ತು, ನಾವೆಲ್ಲ ನಗುತ್ತಿದ್ದೆವು. ಮಾವು, ಗೋಡಂಬಿ ಬಿಡುವ ಗೇರು, ಅಗಸರು ಬಟ್ಟೆಗೆ ಗುರುತು ಹಾಕುವ ಕೇರು, ಮೂರೂ ಒಂದೇ ಕುಟುಂಬದ ಮರಗಳು. ಒಂದೇ ಬಗೆಯ ಸುಡುವ ಎಣ್ಣೆ ಮೂರರಲ್ಲೂ ಇದೆ, ಕೇರಿನದೇ ಎಲ್ಲಕ್ಕಿಂತ ಉಗ್ರ. ಇದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ, ಮಗಳ ಸಸ್ಯಶಾಸ್ತ್ರದ ಪುಸ್ತಕದಲ್ಲಿ. ಆಗ ಓದಿ ಏನು ಬಂತು?

ಎರಡನೆಯ ಮಹಾ ಲಡಾಯಿ ನಡೆದಿದ್ದ ಕಾಲ. ನನಗೆ ಹದಿನಾಲ್ಕು. ಅಕ್ಕನನ್ನು ನೋಡಲು ಗುರುವಾರ ಮಾಸೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ನಮ್ಮಿಬ್ಬರಿಗೂ ಒಂದೇ ಖಣದ ಕುಪ್ಪಸ ಹೊಲಿಸಿದ್ದರು. ಅಕ್ಕ ಜಾಣೆ, ತನ್ನದನ್ನು ಮಡಚಿಟ್ಟು ನನ್ನದನ್ನು ತೊಡುತ್ತಿದ್ದಳು. ಸಿಟ್ಟಿಗೆ ನನಗೆ ಮೈಯೆಲ್ಲ ಉರಿ. ನಮ್ಮ ಮನೆಯ ಅಗಸಗಿತ್ತಿ ಕೇರು ಬೀಜಕ್ಕೆ ಸೂಜಿ ಚುಚ್ಚಿ, ಬಟ್ಟೆಯ ಮೂಲೆಗೆ ಎರಡು ಚುಕ್ಕೆ ಇಡುವುದನ್ನು ನೋಡಿದ್ದೆ. ಅವಳ ಬುಟ್ಟಿಯಿಂದ ಒಂದು ಬೀಜ ಕದ್ದೆ. ನನ್ನದೆಂದು ಗೊತ್ತಾಗಲಿ ಎಂದು ನನ್ನ ಕುಪ್ಪಸದ ಕುತ್ತಿಗೆಯ ಒಳಗೆ ಒಂದು ಸೊಟ್ಟ ಗೀಟು ಎಳೆದೆ. ಆಮೇಲೆ ಅದಕ್ಕೆ ಸುಣ್ಣ ಹಚ್ಚಬೇಕು, ಒಣಗಿಸಿ ಒಗೆಯಬೇಕು, ಇಲ್ಲದಿದ್ದರೆ ಮೈಗೆ ತಾಗಿ ಸುಡುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ನನ್ನ ಬೆರಳು ಕಪ್ಪಾಯಿತು, ಅಷ್ಟೆ. ಕೇರು ಎಲ್ಲರ ಮೇಲೂ ಸಿಟ್ಟಾಗುವುದಿಲ್ಲ.

ಗುರುತು ನೋಡದೆ ಅಕ್ಕ ಅದನ್ನೇ ತೊಟ್ಟಳು. ಮಂಗಳವಾರ ಬೆಳಿಗ್ಗೆ ಅವಳ ಕತ್ತಿನ ತುಂಬ ನೀರುಗುಳ್ಳೆ, ಕಣ್ಣು ಮುಚ್ಚುವಷ್ಟು ಬಾವು.

"ತಾಯಿ ಬಂದಾಳವ್ವಾ ಮನಿಗೆ!" ಎಂದು ಅವ್ವ ಕೂತಲ್ಲೇ ಕುಸಿದಳು. ಬಾಗಿಲಿಗೆ ಬೇವಿನ ಸೊಪ್ಪು ಬಂತು. ಸಿಡುಬಿನ ಮನೆ ಎಂದಾದರೆ ಮಾಸೂರಿನವರಿರಲಿ, ಹತ್ತಿರದ ಬಂಕಾಪುರದವರೂ ನಮ್ಮ ಹೊಸ್ತಿಲು ತುಳಿಯುವುದಿಲ್ಲ. "ಬರಬ್ಯಾಡ್ರಿ ಅಂತ ಹೇಳಿ ಕಳಸ್ತೇನಿ" ಎಂದು ಅಪ್ಪ ಆಳನ್ನು ಕರೆದರು. ಗುಳ್ಳೆ ಮೊದಲು ಎದ್ದದ್ದು ನನ್ನ ಗೀಟು ತಾಗುವ ಜಾಗದಲ್ಲೇ. ಅದು ನನಗೊಬ್ಬಳಿಗೇ ಗೊತ್ತು. ಈಗ ಹೇಳುತ್ತೇನೆ, ಇನ್ನೊಂದು ಗಳಿಗೆ ಬಿಟ್ಟು ಹೇಳುತ್ತೇನೆ ಎಂದುಕೊಳ್ಳುತ್ತ ಕಂಬಕ್ಕೆ ಅಂಟಿ ನಿಂತೆ.

ಅಷ್ಟರಲ್ಲಿ ಒಗೆಯುವ ಅರಿವೆ ಒಯ್ಯಲು ಅಗಸಗಿತ್ತಿ ಬಂದಳು. ಬೇವು ಕಂಡರೂ ಹಿಂದೆ ಸರಿಯದೆ ಅಕ್ಕನ ಕತ್ತು ನೋಡಿದಳು.

"ಇದು ತಾಯಿ ಅಲ್ಲರಿ ಅವ್ವಾರ, ಕ್ಯಾರು ಕಚ್ಚೇತಿ. ಕೊಬ್ಬರಿ ಎಣ್ಣಿ ಹಚ್ಚರಿ, ಒಣಗತೈತಿ."

ಅವ್ವನಿಗೆ ಹೋದ ಜೀವ ಬಂತು, ಜೀವದ ಹಿಂದೆಯೇ ಸಿಟ್ಟೂ ಬಂತು. ಕುಪ್ಪಸ ತಿರುವಿ ನೋಡಿ ಕೂಗಿದಳು: "ಈ ಮನಿ ಅರಿವಿಗೆ ಕ್ಯಾರು ಹಾಕಾಕಿ ನೀನ ಅಲ್ಲೇನ? ಸುಣ್ಣ ಹಚ್ಚಾಕ ಏನಾಗಿತ್ತು?"

"ಇದು ನನ್ನ ಗುರ್ತಲ್ಲ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅವಳ ಕಣ್ಣು ನನ್ನ ಕಪ್ಪು ಬೆರಳಿನ ಮೇಲಿತ್ತು. ನಾನು ಕೈಯನ್ನು ಬೆನ್ನ ಹಿಂದೆ ಒಯ್ದೆ. ಅವಳು ಕಾದಳು, ನಾನು ಮಾತಾಡಲೆಂದೇ ಕಾದಳು. ಕಡೆಗೆ, "ತಪ್ಪಾತರಿ, ಮರತೆ" ಎಂದಳು.

"ನಾಳಿಂದ ನಮ್ಮ ಅರಿವಿ ಮುಟ್ಟಬ್ಯಾಡ" ಎಂದಳು ಅವ್ವ.

ಮಾಸೂರಿನವರು ಹದಿನೈದು ದಿನ ತಡವಾಗಿ ಬಂದು ಅಕ್ಕನನ್ನು ಒಪ್ಪಿದರು. ಮುಂದಿನ ಸುಗ್ಗಿಯಲ್ಲಿ, ವರ್ಷದ ಒಗೆತದ ಕೂಲಿಯಾಗಿ ಅಗಸಗಿತ್ತಿಗೆ ಸಲ್ಲುವ ಜೋಳ ಬೇರೆಯವಳ ಬುಟ್ಟಿಗೆ ಬಿತ್ತು. ಅವಳು ರೂಢಿಯಂತೆ ಕಣಕ್ಕೆ ಬಂದು, ಸ್ವಲ್ಪ ಹೊತ್ತು ದೂರ ನಿಂತು, ಬರಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೋದಳು. ಅವ್ವ ಕುಪ್ಪಸ ತಿರುವಿ ನೋಡಿದ ದಿನ ನಾನು ಬಾಯಿ ಬಿಡುವುದೂ ಬೇಕಿರಲಿಲ್ಲ. ಕೈ ಮುಂದೆ ಚಾಚಿದ್ದರೆ ಸಾಕಿತ್ತು.