ಸಮುದ್ರದ ಕಡೆಯ ಗೋಡೆಗೆ ಹೊದಿಕೆ

ನಮ್ಮ ಚಿಕ್ಕಮ್ಮ ಬೆಳಿಗ್ಗೆ ಎದ್ದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಗೋಡೆ ಮುಟ್ಟಿ ನೋಡುವುದು. ಮುಖ ತೊಳೆಯುವುದು, ಒಲೆ ಹಚ್ಚುವುದು ಎಲ್ಲ ಆಮೇಲೆ. ಚಿಕ್ಕಪ್ಪನ ಕೆಲಸದ ಕೋಣೆಗೆ ಹೋಗಿ, ಸಮುದ್ರದ ಕಡೆಯ ಗೋಡೆಗೆ ಅಂಗೈ ಒತ್ತಿ, ಮಗುವಿನ ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಅಂಗೈ ಒದ್ದೆಯಾದರೆ ಆ ದಿನವಿಡೀ ಯಾರು ಮಾತನಾಡಿಸಿದರೂ ಸಿಡುಕು. ಮಳೆಗಾಲದ ನಾಲ್ಕು ತಿಂಗಳೂ ಸಿಡುಕೇ.

ಚಿಕ್ಕಪ್ಪ ಗಡಿಯಾರ ರಿಪೇರಿ ಮಾಡುವವನು. ಅವನ ಮೇಜು ಆ ಗೋಡೆಯ ಕಿಟಕಿಗೆ ಅಂಟಿಕೊಂಡಿತ್ತು. ಕೂದಲೆಳೆಯಂಥ ಸ್ಪ್ರಿಂಗು ಕಾಣಬೇಕಾದರೆ ಆ ಕಿಟಕಿಯ ಬೆಳಕೇ ಬೇಕು. ಉಳಿದ ಕೋಣೆಗಳ ಮೇಲೆಲ್ಲ ಪಕ್ಕದ ಮಹಡಿ ಮನೆಯ ನೆರಳು. ಸಮುದ್ರದಿಂದ ಓರೆಯಾಗಿ ಬೀಸುವ ಮಳೆ ಬಂದು ಬಡಿಯುತ್ತಿದ್ದುದೂ ಅದೇ ಗೋಡೆಗೆ. ಗಾರೆ ನೀರು ಕುಡಿದು ಕುಡಿದು ಒಳಗೆಲ್ಲ ಕಪ್ಪು ಬೂಷ್ಟು ಹಿಡಿದಿತ್ತು. ಉಜ್ಜಿ ತೊಳೆದರೆ ಒಂದು ವಾರ ಸುಮ್ಮನಿದ್ದು ಮತ್ತೆ ಬರುತ್ತಿತ್ತು. ಅದರ ಜೊತೆಗೇ ಚಿಕ್ಕಪ್ಪನ ಎದೆಯಲ್ಲಿ ಗೊರಗೊರ ಶುರುವಾಯಿತು.

"ಔಷಧಿ ನಾನು ಕೊಡ್ತೀನಿ," ಎಂದರು ಡಾಕ್ಟರು. "ಆದ್ರೆ ಆ ಗೋಡೆ ಹೀಗೇ ಇದ್ರೆ ನನ್ನ ಔಷಧಿ ಏನ್ಮಾಡುತ್ತೆ? ಇನ್ನೆರಡು ಮಳೆಗಾಲ ಈ ಎದೆ ತಡ್ಕೊಳ್ಳಲ್ಲಮ್ಮ."

ಗೋಡೆಯ ಹೊರಮೈಗೆ ಹೊದಿಕೆ ಹಾಕಿಸಬೇಕು ಎಂದು ಅವತ್ತೇ ತೀರ್ಮಾನವಾಯಿತು. ಬೇರೆ ಯಾರ ಮನೆಯಲ್ಲಾದರೂ ಆಗಿದ್ದರೆ ಮುಂದಿನ ವಾರ ಬಡಗಿ ಬಂದು ಕೆಲಸ ಮುಗಿಸಿ ಹೋಗುತ್ತಿದ್ದ. ಆದರೆ ಚಿಕ್ಕಮ್ಮ ಇಪ್ಪತ್ತೆರಡು ವರ್ಷದಿಂದ ಶಾಲೆಯ ಪ್ರಯೋಗಶಾಲೆಯಲ್ಲಿ ಅಟೆಂಡರ್. ಚೀಟಿ ಅಂಟಿಸದ ಸೀಸೆಯಿಂದ ನೀರನ್ನೂ ಕುಡಿಯುವವಳಲ್ಲ. ಅಂಗಡಿಯವನು ತಗಡು ಹಾಕಿ ಎಂದ, ನೆರೆಮನೆಯವರು ಮರದ ಹಲಗೆ ಎಂದರು, ನಮ್ಮಪ್ಪ ಪ್ಲಾಸ್ಟಿಕ್ ಪಟ್ಟಿ ಎಂದ, ಬಡಗಿ ಸಿಮೆಂಟ್ ಹಲಗೆ ಎಂದ. ನಾಲ್ಕು ಜನ ನಾಲ್ಕು ಮಾತು ಹೇಳಿದ ಮೇಲೆ ಚಿಕ್ಕಮ್ಮನಿಗೆ ನಿದ್ದೆ ಹಾರಿಹೋಯಿತು.

"ತಪ್ಪು ಆರಿಸಿದ್ರೆ?" ಎಂದು ನನ್ನನ್ನು ಕೇಳಿದಳು. "ಹಾಕಿಸಿದ್ಮೇಲೆ ಅದೂ ನೀರು ಕುಡಿದ್ರೆ? ಡಾಕ್ಟ್ರು ಹೇಳಿದ್ದು ಎರಡೇ ಮಳೆಗಾಲ. ಪರೀಕ್ಷೆ ಮಾಡ್ದೆ ಹಾಕ್ಸಲ್ಲ ನಾನು."

ನಾಲ್ಕೂ ಬಗೆಯ ಒಂದೊಂದು ತುಂಡು ತಂದಳು. ಮೂಲೆಯಲ್ಲಿ ತೂತು ಕೊರೆದು, ನೈಲಾನ್ ದಾರ ಕಟ್ಟಿ, ಹಿತ್ತಿಲಲ್ಲಿ ಬಟ್ಟೆ ಒಣಗಿಸುವ ತಂತಿಗೆ ಸಮುದ್ರದ ಕಡೆ ಮುಖಮಾಡಿ ನೇತುಹಾಕಿದಳು. ಯಾವತ್ತಾದರೂ ಗೀರು ಬಿದ್ದೇ ಬೀಳುತ್ತದೆಂದು ತಗಡಿಗೆ ಬೀಗದ ಕೈಯಿಂದ ಗೀರಿದಳು. ಸಿಮೆಂಟ್ ಹಲಗೆಯ ಒಂದು ಅಂಚಿಗೆ ಬಣ್ಣ ಬಳಿದು ಇನ್ನೊಂದನ್ನು ಹಾಗೇ ಬಿಟ್ಟಳು. ದಿನಾ ಸಂಜೆ ಶಾಲೆಯಿಂದ ಬಂದವಳೇ ನಾಲ್ಕನ್ನೂ ತೂಗಿ ಬಡಿದು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಹೀಗೆ ಅಳೆದೂ ಸುರಿದೂ ಒಂದು ಇಡೀ ಮಳೆಗಾಲ ಕಳೆಯಿತು.

ಆ ಮಳೆಗಾಲವನ್ನು ಚಿಕ್ಕಪ್ಪ ಅದೇ ಒದ್ದೆ ಗೋಡೆಯ ಪಕ್ಕ ಕೂತು ಕಳೆದ. ಮಾತನಾಡುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. "ಬೇರೆಯವರ ಗಡಿಯಾರಕ್ಕೆ ಕೀಲಿ ಕೊಡ್ತೀನಿ, ನನಗೆ ಕೊಡೋರೇ ಇಲ್ಲ," ಎಂದು ನಗುತ್ತಿದ್ದ. ನಗು ಕೆಮ್ಮಾಗುತ್ತಿತ್ತು. ಕೊನೆಗೆ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು. ಆ ಹನ್ನೊಂದು ದಿನವೂ ಚಿಕ್ಕಮ್ಮ ಸಂಜೆ ಅರ್ಧ ಗಂಟೆ ನನ್ನನ್ನು ಅವನ ಪಕ್ಕ ಕೂರಿಸಿ ಮನೆಗೆ ಓಡಿಹೋಗಿ ಹಲಗೆ ತೂಗಿ ಬರುತ್ತಿದ್ದಳು.

ನನಗೆ ಮೊದಲೇ ತಾಳ್ಮೆ ಕಡಿಮೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅಂದೇಬಿಟ್ಟೆ: "ಚಿಕ್ಕಮ್ಮ, ಅಲ್ಲಿ ನೆನೀತಿರೋದು ಹಲಗೆ ಅಲ್ಲ, ಚಿಕ್ಕಪ್ಪ."

ಅವಳು ಬ್ಯಾಗಿನಲ್ಲಿದ್ದ ನೋಟ್‌ಬುಕ್ಕನ್ನು ಇನ್ನೂ ಒಳಗೆ ತುರುಕಿಕೊಂಡು ಮೇಲೆ ಹೋದಳು. ಅವತ್ತು ನಾನು ಹೇಳಿದ್ದು ಸರಿಯೆಂದೇ ಈಗಲೂ ನನ್ನ ಅಭಿಪ್ರಾಯ, ಆದರೆ ಹೇಳಬಾರದಿತ್ತು.

ಮಳೆ ನಿಂತ ಮೇಲೆ ಫಲಿತಾಂಶ ಬಂತು. ತಗಡಿನ ಗೀರಿನಿಂದ ತುಕ್ಕು ಅಂಗೈಯಗಲ ಹಬ್ಬಿತ್ತು. ಮರ ಉಬ್ಬಿ ಕಪ್ಪಾಗಿತ್ತು. ಪ್ಲಾಸ್ಟಿಕ್ಕಿನ ಮೂಲೆ ಗಾಳಿಗೆ ಒಡೆದುಹೋಗಿತ್ತು. ಸಿಮೆಂಟ್ ಹಲಗೆ ಮಾತ್ರ, ಬಣ್ಣ ಬಳಿದ ಅಂಚಿನ ಕಡೆ, ಇದ್ದ ಹಾಗೇ ಇತ್ತು. ಚಿಕ್ಕಮ್ಮ ಅದೇ ಬಡಗಿಯನ್ನು ಕರೆಸಿ, ಕತ್ತರಿಸಿದ ಪ್ರತಿ ಅಂಚಿಗೂ ಎರಡು ಸಲ ಬಣ್ಣ ಆಗಲೇಬೇಕೆಂದು ಹೇಳಿ, ನನ್ನ ಕೈಗೆ ಸಾಮಾನಿನ ಚೀಟಿ ಕೊಟ್ಟಳು. ಹಲಗೆಯ ದಪ್ಪ, ಉದ್ದ, ಬಣ್ಣದ ಬಗೆ, ಹಿಂದೆ ಹೊಡೆಯುವ ಮರದ ರಿಪೀಸು ಪಟ್ಟಿಯ ಅಳತೆ, ಎಲ್ಲ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ಕೊನೆಯ ಸಾಲು: "ಮೊಳೆ, ಎರಡು ಕೆ.ಜಿ."

"ಯಾವ ಮೊಳೆ?" ಎಂದು ಅಂಗಡಿಯವನು ಕೇಳಿದ. ಒಂದು ಗಂಟೆಯಿಂದ ಅವನು ಒಂದೊಂದೇ ಸಾಮಾನು ಹುಡುಕುತ್ತಿದ್ದ. "ಮೊಳೆ ಅಂದ್ರೆ ಮೊಳೆ, ಇರೋದನ್ನ ಕೊಡಿ," ಎಂದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮಜ್ಜಿ ಹೇಳುತ್ತಿದ್ದುದು ನನ್ನನ್ನು ನೋಡಿಯೇ ಇರಬೇಕು.

ಬಡಗಿ ಗೋಡೆಗೆ ಮೊದಲು ಉದ್ದುದ್ದ ಪಟ್ಟಿ ಹೊಡೆದು, ಅದರ ಮೇಲೆ ಹಲಗೆ ಜೋಡಿಸಿದ. ಗೋಡೆಗೂ ಹಲಗೆಗೂ ನಡುವೆ ಎರಡು ಬೆರಳಷ್ಟು ಸಂದು. "ಗೋಡೆಗೂ ಉಸಿರಾಡೋಕೆ ಜಾಗ ಬೇಕಮ್ಮ," ಎಂದ. ಮುಗಿದ ಮೇಲೆ ಮನೆ ಹೊಸ ಕೋಟು ತೊಟ್ಟ ಹಾಗೆ ಕಾಣುತ್ತಿತ್ತು. ಚಿಕ್ಕಪ್ಪ ರಸ್ತೆಗಿಳಿದು ನೋಡಿ ಟೋಪಿ ತೆಗೆದು ಗೋಡೆಗೆ ನಮಸ್ಕಾರ ಹೇಳಿದ.

ಮಳೆ ಶುರುವಾಯಿತು. ಡಾಕ್ಟರು ಹೇಳಿದ್ದ ಎರಡನೆಯದು. ಒಂದು ತಿಂಗಳು ಅಂಗೈ ಒಣಗಿಯೇ ಇತ್ತು. ಎರಡನೆಯ ತಿಂಗಳ ಒಂದು ಬೆಳಿಗ್ಗೆ ಚಿಕ್ಕಮ್ಮನ ಫೋನು ಬಂತು. "ಬೇಗ ಬಾ," ಎಂದಷ್ಟೇ ಹೇಳಿ ಇಟ್ಟಳು. ಚಿಕ್ಕಪ್ಪನಿಗೇ ಏನೋ ಆಯಿತೆಂದು ಚಪ್ಪಲಿಯನ್ನೂ ಹಾಕದೆ ಎರಡು ಬೀದಿ ಓಡಿದೆ.

ಚಿಕ್ಕಮ್ಮ ಕೊಡೆಯಿಲ್ಲದೆ ಹೊರಗೆ ನಿಂತಿದ್ದಳು. ಹಲಗೆಗಳ ಮೇಲೆ, ಪ್ರತಿ ಮೊಳೆಯ ತಲೆಯಿಂದಲೂ, ಕೆಂಪು ಕಂದು ಗೆರೆಗಳು ಕೆಳಗಿಳಿದಿದ್ದವು. ಉಗುರಿನಿಂದ ಕೆರೆದರೆ ಮೊಳೆಯ ತಲೆ ಪದರಪದರವಾಗಿ ಏಳುತ್ತಿತ್ತು. ಬಡಗಿ ಬಂದು ಒಂದು ಮೊಳೆ ಕಿತ್ತು ನೋಡಿದ.

"ಹಲಗೆಗೇನೂ ಆಗಿಲ್ಲ, ಚಿನ್ನದಂಗಿದೆ. ಆದ್ರೆ ಉಪ್ಪುಗಾಳಿಗೆ ಸಾದಾ ಮೊಳೆ ಯಾರು ತಂದ್ರು? ಕೊಟ್ಟಿದ್ದನ್ನ ಹೊಡ್ದೆ, ನಾನೂ ನೋಡ್ಬೇಕಿತ್ತು. ನಾಡಿದ್ದು ದೊಡ್ಡ ಗಾಳಿ ಅಂತಿದ್ದಾರೆ. ಒಂದು ಹಲಗೆ ಕಿತ್ಕೊಂಡ್ರೆ ನೀರು ಸೀದಾ ಒಳಗೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ನನ್ನದು. "ನಾನೇ ಚಿಕ್ಕಮ್ಮ," ಎಂದೆ. "ಅಂಗಡಿಯವನು ಕೇಳಿದ್ದ. ನಾನೇ ಯಾವ್ದೋ ಒಂದು ಕೊಡಿ ಅಂದೆ."

ಬೈಯುತ್ತಾಳೆಂದು ಕಾದೆ. ಅವಳು ಹಿತ್ತಿಲ ತಂತಿಯ ಕಡೆ ನೋಡುತ್ತಿದ್ದಳು. ಅಲ್ಲಿ ಹಲಗೆ ನೇತುಹಾಕಿದ್ದ ದಾರಗಳು ಇನ್ನೂ ತೂಗಾಡುತ್ತಿದ್ದವು.

"ದಾರದಲ್ಲಿ ಕಟ್ಟಿದ್ನಲ್ಲೇ," ಎಂದಳು. "ಮಳೆಗಾಲವೆಲ್ಲ ಪರೀಕ್ಷೆ ಮಾಡಿದ್ದು ದಾರದಲ್ಲಿ ಕಟ್ಟಿ. ಗೋಡೆಗೆ ಯಾರಾದ್ರೂ ದಾರದಲ್ಲಿ ಕಟ್ತಾರಾ?"

ಎರಡು ದಿನ ಬಡಗಿ, ಚಿಕ್ಕಮ್ಮ, ನಾನು ಮೂವರೂ ಸೇರಿ ದುಡಿದೆವು. ಈ ಸಲ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. ಒಂದು ಮೊಳೆ ಕೀಳುವುದು, ಪಕ್ಕದಲ್ಲಿ ತೂತು ಕೊರೆದು ಸ್ಕ್ರೂ ತಿರುಗಿಸುವುದು, ಹಳೆ ತೂತು ಮುಚ್ಚಿ ಬಣ್ಣ ಬಳಿಯುವುದು. ಮಳೆ ಬಿಟ್ಟಾಗ ಏಣಿ ಹತ್ತುವುದು, ಬಂದಾಗ ಇಳಿಯುವುದು. ಬೇಡ ಬೇಡವೆಂದರೂ ಚಿಕ್ಕಪ್ಪ ಹೊರಗೆ ಬಂದು ಏಣಿ ಹಿಡಿದ. "ರೀ, ಒಳಗೆ ಹೋಗಿ, ನಿಮಗೋಸ್ಕರ ತಾನೇ ಇದೆಲ್ಲ!" ಎಂದು ಚಿಕ್ಕಮ್ಮ ಮೇಲಿನಿಂದ ಕೂಗಿದರೆ, "ನೀನು ಬಿದ್ರೆ ಗೋಡೆ ಮುಟ್ಟಿ ನೋಡೋರು ಯಾರೇ?" ಎಂದು ಕೆಳಗಿನಿಂದ ಉತ್ತರ.

ಗಾಳಿ ಹೇಳಿದ ದಿನವೇ ಬಂತು. ಮಧ್ಯಾಹ್ನದ ಹೊತ್ತಿಗೆ ಎದುರುಮನೆಯ ತಗಡೊಂದು ಕಿತ್ತುಬಂದು ರಸ್ತೆಯಲ್ಲಿ ಉರುಳಿತು. ಚಿಕ್ಕಪ್ಪ, ಚಿಕ್ಕಮ್ಮ, ನಾನು ಕೆಲಸದ ಕೋಣೆಯಲ್ಲಿ ಕೂತಿದ್ದೆವು. ಚಿಕ್ಕಮ್ಮನ ಅಂಗೈ ಗೋಡೆ ಬಿಟ್ಟಿರಲಿಲ್ಲ. ಹೊರಗೆ ಹಲಗೆ ಸದ್ದು ಮಾಡಿದಾಗೆಲ್ಲ ಅವಳ ಬೆರಳುಗಳು ಬಿಗಿಯಾಗುತ್ತಿದ್ದವು. ಒಂದು ಗಂಟೆ, ಎರಡು ಗಂಟೆ. ಗೋಡೆ ಒಣಗಿಯೇ ಇತ್ತು.

ಚಿಕ್ಕಪ್ಪ ಕಣ್ಣಿನ ಭೂತಗನ್ನಡಿ ತೆಗೆದಿಟ್ಟು ಎದ್ದು ಬಂದ. "ಗೋಡೆ ನೋಡಿದ್ದು ಸಾಕು. ಇಲ್ಲಿ ನೋಡು," ಎಂದು ಅವಳ ಕೈ ಎಳೆದು ತನ್ನ ಬೆನ್ನಿಗೆ ಇಟ್ಟುಕೊಂಡ. ಚಿಕ್ಕಮ್ಮ ಬಿಸಿ ಪಾತ್ರೆ ತಾಗಿದಂತೆ ಕೈ ಹಿಂದಕ್ಕೆಳೆದಳು. ಅವನು ಮತ್ತೆ ಇಟ್ಟುಕೊಂಡು ನಿಧಾನವಾಗಿ ಉಸಿರು ತೆಗೆದ, ಬಿಟ್ಟ. ಅವಳು ಕಣ್ಣು ಮುಚ್ಚಿದಳು.

"ಏನಂತೆ?"

"ಇದೆ," ಎಂದಳು. "ಸ್ವಲ್ಪ ಗೊರಗೊರ ಇದೆ."

"ಇರ್ಲಿ. ಹೋದ ವರ್ಷ ಎಷ್ಟಿತ್ತು?"

ತಗಡಿನ ತುಕ್ಕು ಯಾವ ವಾರ ಎಷ್ಟಿತ್ತೆಂದು ಕೇಳಿದ್ದರೆ ಚಿಕ್ಕಮ್ಮ ನಿದ್ದೆಯಲ್ಲೂ ಹೇಳುತ್ತಿದ್ದಳು.

"ಗೊತ್ತಿಲ್ಲ ರೀ," ಎಂದಳು. "ಹೋದ ವರ್ಷ ನಿಮ್ಮನ್ನ ಮುಟ್ಟಿ ನೋಡೋಕೇ ಹೆದರಿಕೆಯಾಗಿತ್ತು. ಅದಕ್ಕೇ ಹಲಗೆ ನೋಡ್ತಾ ಇದ್ದೆ." ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನಾಡಿದ ಮಾತು ನೆನಪಾಗಿ ನನಗೆ ತಲೆ ಎತ್ತಲಾಗಲಿಲ್ಲ.

"ಹಾಗಾದ್ರೆ ಇವತ್ತಿಂದ ಬರ್ಕೋ," ಎಂದ ಚಿಕ್ಕಪ್ಪ.

ಚಿಕ್ಕಮ್ಮ ಎಡಗೈಯಿಂದ ಮೂಗು ಒರೆಸಿಕೊಂಡು ಕಪಾಟಿನ ಕಡೆ ಕಣ್ಣು ತೋರಿಸಿದಳು. ನಾನು ನೋಟ್‌ಬುಕ್ಕು ತಂದು ಹೊಸ ಹಾಳೆ ತೆರೆದು ಅವಳಿಗೆ ಹಿಡಿದೆ.

"ನೀನೇ ಬರಿ," ಎಂದಳು. ಅವಳ ಬಲಗೈ ಅವನ ಬೆನ್ನ ಮೇಲೆಯೇ ಇತ್ತು.