ಆಪಾಳ ಕಿವಿಯಿಂದ ತೆಗೆಸಿದ ಹತ್ತಿ

ಊಟದ ಮೇಜಿನ ಮೇಲೆ ಕಿತ್ತಳೆ ಬಣ್ಣದ ಎರಡು ಸ್ಪಂಜಿನ ತುಂಡುಗಳು ಬಿದ್ದಿದ್ದವು. ಬೆರಳ ತುದಿಯಷ್ಟು ಗಾತ್ರ. ಯಾವುದೋ ಪೊಟ್ಟಣದ ಚೂರಿರಬೇಕೆಂದು ಎಸೆಯಲು ಹೋದೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸಾಮಾನು ಇಳಿಸುವ ಕಡೆ ಕೆಲಸಕ್ಕೆ ಸೇರಿರುವ ನನ್ನ ತಂಗಿಯ ಮಗಳು ನಕ್ಕಳು.

"ಅಯ್ಯೋ ದೊಡ್ಡಮ್ಮ, ಅದು ಕಿವಿಗೆ ಹಾಕ್ಕೊಳ್ಳೋದು. ವಿಮಾನದ ಸದ್ದಿಗೆ ಕಿವಿ ಹೋಗ್ಬಾರ್ದು ಅಂತ ಕೊಡ್ತಾರೆ. ಹಾಕ್ಕೊಳ್ದಿದ್ರೆ ಒಳಗೇ ಬಿಡಲ್ಲ."

ನನಗೆ ನಗು ಬರಲಿಲ್ಲ. ಅವನ್ನು ಬೆರಳಲ್ಲಿ ಒತ್ತಿದೆ. ಮೆತ್ತಗೆ ಕುಗ್ಗಿ ಮತ್ತೆ ಉಬ್ಬಿದವು. ಇಷ್ಟೇನಾ? ಇಷ್ಟು ಸಣ್ಣದೊಂದನ್ನು ಕೊಡಲು ನಮ್ಮ ಮನೆಗೆ ಇಪ್ಪತ್ತು ವರ್ಷ ಸಾಲಲಿಲ್ಲವೇ? ಸಿಟ್ಟು ನೆತ್ತಿಗೇರಿತು. ಆಪಾ ನೆನಪಾದಳು...

ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಮುಂಭಾಗವೇ ಮಗ್ಗದ ಶೆಡ್ಡು. ಕರೆಂಟಿನಿಂದ ಓಡುವ ನಾಲ್ಕು ಮಗ್ಗ. ಅವಕ್ಕೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಆಪಾ ಹಿಂದಿನ ಬೀದಿಯವಳು. ಗಂಡ ತೀರಿಕೊಂಡ ಮೇಲೆ ಇದ್ದೊಬ್ಬ ಮಗಳನ್ನು ಸಾಕಲು ನಮ್ಮಲ್ಲಿ ನೇಯಲು ಬಂದಳು. ಇಡೀ ಬೀದಿ ಅವಳನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿತ್ತು, ನಾವೂ ಹಾಗೆಯೇ ಕರೆದೆವು. ಒಬ್ಬಳೇ ಎರಡು ಮಗ್ಗ ನೋಡಿಕೊಳ್ಳುತ್ತಿದ್ದಳು. ಬೆನ್ನು ತಿರುಗಿಸಿ ನಿಂತಿದ್ದರೂ ಹಿಂದಿನ ಮಗ್ಗದಲ್ಲಿ ಎಳೆ ಕಡಿದರೆ ಅವಳಿಗೆ ತಿಳಿಯುತ್ತಿತ್ತು. ಲಾಳಿಯ ಬಡಿತದಲ್ಲಿ ಏನೋ ವ್ಯತ್ಯಾಸವಂತೆ. ನಮಗೆ ಎಲ್ಲವೂ ಒಂದೇ ಗದ್ದಲ. ಅಪ್ಪನಿಗೆ ಅದೊಂದು ಹೆಮ್ಮೆ, ಬಂದ ವ್ಯಾಪಾರಿಗಳ ಮುಂದೆಲ್ಲ ಆಪಾಳ ಕಿವಿಯನ್ನು ಹೊಗಳುತ್ತಿದ್ದರು.

ಒಂದು ದಿನ ಅವಳು ಎರಡೂ ಕಿವಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟುಕೊಂಡು ಬಂದಳು. ಮನೆಗೆ ಹೋದರೂ ಕಿವಿಯೊಳಗೆ ಮಗ್ಗ ನಿಲ್ಲುವುದಿಲ್ಲ, ಗುಂಯ್ ಎನ್ನುತ್ತಲೇ ಇರುತ್ತದೆ ಎಂದು ಅಮ್ಮನ ಹತ್ತಿರ ಹೇಳಿಕೊಂಡಿದ್ದಳು. ಅಪ್ಪ ನೋಡಿದರು.

"ತೆಗಿಯಮ್ಮ ಅದನ್ನ. ಹತ್ತಿ ತುರುಕ್ಕೊಂಡ್ರೆ ಎಳೆ ಕಡಿದಿದ್ದು ನಿಮ್ ತಾತಂಗೆ ಕೇಳ್ಸುತ್ತಾ?"

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಆಪಾನೂ ನಗುತ್ತಲೇ ಹತ್ತಿ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು. ನಾನೂ ನಕ್ಕೆ. ಅವಳ ಕಿವಿ ನಮಗೆ ಕೆಲಸಕ್ಕೆ ಬೇಕಿತ್ತು, ಅದಕ್ಕೇ ಅದನ್ನು ಕಾಪಾಡಿಕೊಳ್ಳಲು ಅವಳನ್ನು ಬಿಡಲಿಲ್ಲ. ಬರೆಯುವಾಗಲೂ ಮೈ ಉರಿಯುತ್ತದೆ.

ಅವಳಿಗೆ ಕಿವಿ ಯಾವಾಗ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ. ಮಗ್ಗದ ಮನೆಗಳಲ್ಲಿ ಗೊತ್ತಾಗುವುದೂ ಇಲ್ಲ. ಆ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳಿಸೀತು? ನಾವೆಲ್ಲ ತುಟಿ ನೋಡಿ, ಕೈಸನ್ನೆ ನೋಡಿಯೇ ಮಾತಾಡಿಕೊಳ್ಳುತ್ತಿದ್ದವರು. ಮದುವೆ ಮನೆಗೆ ಹೋದರೆ ಎದುರಿನವರ ಬಾಯನ್ನೇ ದಿಟ್ಟಿಸುತ್ತೇವೆ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಆಪಾ ಅದರಲ್ಲಿ ನಮಗಿಂತ ಜಾಣೆ. ಅವಳೊಡನೆ ಹರಟುತ್ತಿದ್ದೆವು, ಗೇಲಿ ಮಾಡುತ್ತಿದ್ದೆವು, ಅವಳು ತಿರುಗಿಸಿ ಕೊಡುತ್ತಿದ್ದಳು. ಎಡಗೈಯನ್ನು ಯಾವಾಗಲೂ ಮಗ್ಗದ ಚೌಕಟ್ಟಿನ ಮೇಲೆ ಊರಿಕೊಂಡೇ ಇರುತ್ತಿದ್ದಳು. ಸುಸ್ತಿಗೆ ಹಾಗೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ.

ಆಮೇಲೆ ಕೊರೋನಾ ಬಂತು. ಲಾಕ್‌ಡೌನ್ ಮುಗಿದು ಮಗ್ಗ ಮತ್ತೆ ಶುರುವಾದಾಗ ಎಲ್ಲರ ಬಾಯಿಗೂ ಮಾಸ್ಕ್. ಮೊದಲ ವಾರದಲ್ಲೇ ಅಪ್ಪ ಹಸಿರು ನೂಲು ಹಾಕು ಎಂದ ಸೀರೆಗೆ ಆಪಾ ತಲೆಯಾಡಿಸಿ ಕೆಂಪು ಹಾಕಿದಳು. ಎರಡು ದಿನ ಬಿಟ್ಟು ಮತ್ತೆ ಅದೇ ಥರದ ತಪ್ಪು. ಅಪ್ಪ ಕೂಗಾಡಿದರು. ಅವಳು ಗಾಬರಿಯಿಂದ ಒಬ್ಬೊಬ್ಬರ ಮಾಸ್ಕನ್ನೇ ನೋಡುತ್ತ ನಿಂತಿದ್ದಳು. ನನಗೆ ಆಗ ಅನುಮಾನ ಬಂತು. ಊಟದ ಹೊತ್ತಿನಲ್ಲಿ ಮಗ್ಗ ನಿಲ್ಲಿಸಿದಾಗ ಹಿಂದಿನಿಂದ ಕರೆದೆ. ಮೂರು ಸಲ ಕರೆದೆ. ತಿರುಗಲಿಲ್ಲ. ಎದುರಿಗೆ ಹೋಗಿ ಮಾಸ್ಕ್ ಇಳಿಸಿ ಕೇಳಿದೆ.

"ಆಪಾ, ನಿಂಗೆ ಕೇಳ್ಸಲ್ವಾ?"

ಅವಳು ಸರಕ್ಕನೆ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. "ನಿಮ್ಮಪ್ಪಂಗೆ ಹೇಳ್ಬೇಡ ಬೇಟಿ. ಕೆಲ್ಸ ಮಾಡ್ತೀನಿ ನಾನು. ನಂಗೆ ಕೈಯಲ್ಲಿ ಗೊತ್ತಾಗ್ತೈತೆ." ಊರಿಕೊಂಡಿದ್ದ ಆ ಎಡಗೈಯ ಅರ್ಥ ಆಗ ತಿಳಿಯಿತು. ಎಳೆ ಕಡಿದದ್ದನ್ನು ಅವಳು ಎಷ್ಟೋ ವರ್ಷದಿಂದ ಚೌಕಟ್ಟಿನ ನಡುಕದಲ್ಲಿ ಹಿಡಿಯುತ್ತಿದ್ದಳು.

ನಾನು ಹೇಳಲಿಲ್ಲ. ಆದರೂ ಅಪ್ಪನಿಗೆ ತಿಳಿಯಿತು. ಕಿವುಡಿಯನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಮುಂದಿನ ವಾರವೇ ಬರಬೇಡ ಅಂದುಬಿಟ್ಟರು. ತಾವೇ ಕೆಡಿಸಿದ ಕಿವಿ!

ನಾನೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿದ ಡಾಕ್ಟರು, ಒಳಗಿನ ನರ ಸತ್ತಿದೆ, ವರ್ಷಗಟ್ಟಲೆ ಸದ್ದು ಕೇಳಿ ಹೀಗಾಗಿದೆ, ಯಂತ್ರ ಹಾಕಿದರೆ ಅಷ್ಟಿಷ್ಟು ಕೇಳಿಸಬಹುದು ಎಂದರು. "ಕೆಲಸ ಎಲ್ಲಿ?" ಎಂದು ಕೇಳಿದರು. "ನಮ್ಮನೇಲಿ" ಎಂದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಕೆಲಸದಿಂದ ಕಿವಿ ಹೋದರೆ ಪರಿಹಾರ ಕೇಳಬಹುದು, ಇಷ್ಟು ವರ್ಷ ಮಗ್ಗದಲ್ಲಿದ್ದಳು ಎಂದು ಮಾಲೀಕರಿಂದ ಬರೆಸಿ ತನ್ನಿ ಎಂದರು. ಆಪಾಳ ಹತ್ತಿರ ಹಾಜರಿ ಚೀಟಿ, ಗುರುತಿನ ಕಾರ್ಡು ಒಂದೂ ಇರಲಿಲ್ಲ. ನಾವು ಯಾರಿಗೂ ಕೊಟ್ಟಿರಲೂ ಇಲ್ಲ.

ದಾರಿಯಲ್ಲಿ ಮಾಸ್ಕ್ ಇಳಿಸಿ ಡಾಕ್ಟರು ಅಂದದ್ದನ್ನೆಲ್ಲ ಹೇಳಿದೆ. ಆಪಾ ಪರಿಹಾರದ ಮಾತು ಎತ್ತಲೇ ಇಲ್ಲ. ಯಂತ್ರ ಬರುತ್ತಾ ಎಂದಷ್ಟೇ ಕೇಳಿದಳು. ಹೊಸಕೋಟೆಗೆ ಮದುವೆ ಮಾಡಿಕೊಟ್ಟಿದ್ದ ಮಗಳಿಗೆ ಪುಟ್ಟ ಹೆಣ್ಣುಮಗು. ದೊಡ್ಡವರಾದರೆ ಎದುರಿಗೆ ನಿಂತು ಮಾತಾಡುತ್ತಾರೆ, ಆ ಮಗು ಎಲ್ಲೋ ನೋಡುತ್ತ, ಆಡುತ್ತ ಮಾತಾಡುತ್ತದೆ, ಒಂದು ಮಾತೂ ಸಿಗುವುದಿಲ್ಲ ಎಂದಳು. ಅದಕ್ಕೆ ಬೇಕಿತ್ತು ಅವಳಿಗೆ ಯಂತ್ರ, ಯಂತ್ರದ ದುಡ್ಡಿಗೆ ಆ ಕಾಗದ.

ಅವತ್ತೇ ಕಾಗದ ಬರೆದು ಅಪ್ಪನ ಮುಂದಿಟ್ಟೆ.

"ತಲೆ ಕೆಟ್ಟಿದ್ಯಾ? ಇದನ್ನ ಬರ್ಕೊಟ್ರೆ ನಾಳೆ ಊರೆಲ್ಲಾ ಬಂದು ಬಾಗಿಲಲ್ಲಿ ನಿಲ್ತಾರೆ. ವಯಸ್ಸಾದ್ಮೇಲೆ ಕಿವಿ ಹೋಗಲ್ವಾ? ನಂಗೂ ಹೋಗೈತೆ, ನಾನ್ ಯಾರನ್ನ ಕೇಳ್ಲಿ?"

ಅಷ್ಟಕ್ಕೇ ಮುಗಿದಿದ್ದರೆ ಸಿಟ್ಟನ್ನೆಲ್ಲ ಅಪ್ಪನ ಮೇಲೆ ಹಾಕಿ ಸುಮ್ಮನಿರಬಹುದಿತ್ತು. ಹೆಂಗಸರ ಹೆಸರಿನಲ್ಲಿದ್ದರೆ ಸಬ್ಸಿಡಿ ಹೆಚ್ಚು ಎಂದು ಶೆಡ್ಡಿನ ಲೈಸೆನ್ಸನ್ನು ನನ್ನ ಹೆಸರಿಗೇ ಮಾಡಿಸಿದ್ದರು. ಕಾಗದದ ಲೆಕ್ಕದಲ್ಲಿ ಮಾಲೀಕಳು ನಾನು. ನಾನೇ ಸಹಿ ಹಾಕಬಹುದಿತ್ತು. ಅಪ್ಪನಿಗೂ ಅದು ಗೊತ್ತಿತ್ತು. "ಹಾಕು, ಹಾಕಿ ಆಮೇಲೆ ಬಟ್ಟೆ ಕಟ್ಕೊಂಡು ಹೊರಡು" ಎಂದರು. ಗಂಡನ ಮನೆ ಬಿಟ್ಟು ಬಂದಿದ್ದ ನನಗೆ ಹೋಗಲು ಬೇರೆ ಜಾಗವಿರಲಿಲ್ಲ. ಹೆದರಿದೆ. ಪೆನ್ನು ಕೆಳಗಿಟ್ಟೆ.

ಎರಡು ದಿನವಾದ ಮೇಲೆ ಆಪಾ ಬಾಗಿಲಿಗೆ ಬಂದಳು. ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮಾಸ್ಕ್ ತೆಗೆಯಲಿಲ್ಲ. ಇನ್ನೂ ಮೇಲಕ್ಕೆ ಎಳೆದುಕೊಂಡೆ. ಅದರ ಹಿಂದಿನಿಂದ "ಆಗಲ್ಲ ಆಪಾ, ಬರ್ಕೊಡಲ್ಲ" ಎಂದೆ. ಎಂದು ತಲೆಯನ್ನು ಮಾತ್ರ ಹೌದು ಎನ್ನುವಂತೆ ಆಡಿಸಿದೆ. ಹೇಳಿದ ಹಾಗೂ ಆಗಬೇಕು, ಅವಳಿಗೆ ತಿಳಿಯಲೂ ಬಾರದು... ಅವಳು ನಕ್ಕು, ನನ್ನ ಕೆನ್ನೆ ತಟ್ಟಿ ಹೊರಟುಹೋದಳು. ಕಾಗದ ಕೇಳಲು ಮತ್ತೆ ಬರಲೇ ಇಲ್ಲ. ಕೆಲವೇ ದಿನಗಳಲ್ಲಿ ಮನೆ ಖಾಲಿ ಮಾಡಿ ಮಗಳ ಹತ್ತಿರ ಹೋದಳೆಂದು ತಿಳಿದಾಗ ನನಗೆ ನಿರಾಳವಾಯಿತು. ಅಂಥವಳು ನಾನು.

ಹೋದ ವರ್ಷ ಆಪಾ ತೀರಿಕೊಂಡಳು. ಸುದ್ದಿ ತಡವಾಗಿ ಸಿಕ್ಕಿತು. ಹೊಸಕೋಟೆಗೆ ಹೋದೆ. ಮಗಳು ಚಹಾ ಕೊಟ್ಟು ಎದುರಿಗೆ ಕೂತಳು. ನಾನು ಕಾಗದದ ವಿಷಯ ತೆಗೆದು ತೊದಲುತ್ತಿದ್ದೆ. ಅವಳೇ ತಡೆದಳು.

"ಅಮ್ಮಿಗೆ ಅವತ್ತೇ ಗೊತ್ತಾಗಿತ್ತು ಅಕ್ಕಾ. ತಲೆ ಆಡಿಸ್ತಾಳೆ, ಕಣ್ಣು ಮಾತ್ರ ಆಗಲ್ಲ ಅಂತೈತೆ ಅಂತಿದ್ರು. ನಿಮ್ಮೇಲೆ ಕೋಪ ಇರ್ಲಿಲ್ಲ. ಮಾಸ್ಕ್ ತೆಗ್ದು ಹೇಳ್ಬೋದಿತ್ತು ಅಂತ ಒಂದ್ಸಲ ಅಂದ್ರು, ಅಷ್ಟೇ."

ಕೋಪ ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ನಮ್ಮ ಶೆಡ್ಡು ಈಗಲೂ ನಡೆಯುತ್ತಿದೆ. ಆಪಾಳ ಜಾಗದಲ್ಲಿ ಬೇರೆ ಇಬ್ಬರು ಹೆಂಗಸರಿದ್ದಾರೆ. ಇವತ್ತು ಬೆಳಿಗ್ಗೆ ಒಳಗೆ ಹೋಗಿ ನಾಲ್ಕೂ ಮಗ್ಗಗಳ ಸ್ವಿಚ್ ಆರಿಸಿದೆ. ಮನೆಯೊಳಗಿನಿಂದ ಅಪ್ಪ ಏನೋ ಕೂಗಿದರು. ಕೂಗಲಿ. ಆ ಹೆಂಗಸರು ಯಾವ ವರ್ಷದಿಂದ ಇಲ್ಲಿ ನೇಯುತ್ತಿದ್ದಾರೆಂದು ಬರೆದು, ಮಾಲೀಕಳು ಎಂದು ಸಹಿ ಹಾಕಿ ಇಬ್ಬರ ಕೈಗೂ ಒಂದೊಂದು ಕಾಗದ ಕೊಟ್ಟೆ. ಆಪಾಗೆ ಏನಾಯಿತೆಂದು ಎದುರಿಗೆ ಕೂತು, ಮುಖ ನೋಡಿ ಹೇಳಿದೆ. ಹೇಳಬೇಕಾಗಿದ್ದವಳಿಗೆ ಮಾತ್ರ ಹಾಗೆ ಹೇಳಲಿಲ್ಲ.